ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಗೊತ್ತಾ?

ನವೆಂಬರ್ ಬಂತೆಂದರೆ ನಮ್ಮ ಮೈಸೂರಿನಲ್ಲಿ ಏಕೀಕರಣದ ಭಾಷಣಗಳು ಶುರು. ಧಾರವಾಡ ಬರುತ್ತದೆ, ಕಲಬುರಗಿ ಬರುತ್ತದೆ, ಬೆಳಗಾವಿ, ಕಾಸರಗೋಡು ಎಲ್ಲ ಬರುತ್ತವೆ. ಪಕ್ಕದ ಕೊಳ್ಳೇಗಾಲ ಮಾತ್ರ ಯಾರ ಬಾಯಿಗೂ ಬರುವುದಿಲ್ಲ. ಇದು ನನಗೆ ತಮಾಷೆ ಅನ್ನಿಸುತ್ತದೆ, ಸ್ವಲ್ಪ ಸಿಟ್ಟೂ ಬರುತ್ತದೆ.

1799ರಲ್ಲಿ ಟಿಪ್ಪು ಸತ್ತ ಮೇಲೆ ಕೊಳ್ಳೇಗಾಲವನ್ನು ಬ್ರಿಟಿಷರು ಒಡೆಯರಿಗೆ ಬಿಡಲಿಲ್ಲ, ಕೊಯಮತ್ತೂರಿಗೆ ಸೇರಿಸಿಕೊಂಡರು. 1956ರ ನವೆಂಬರ್ 1ರ ತನಕ ಆ ತಾಲ್ಲೂಕಿನವರು, ಮಾದಪ್ಪನ ಬೆಟ್ಟದವರೂ ಸೇರಿ, ಮದ್ರಾಸಿನ ಲೆಕ್ಕಕ್ಕೇ ಇದ್ದರು. ಆಮೇಲೆ ನಮ್ಮ ಮೈಸೂರು ಜಿಲ್ಲೆಗೆ ಬಂದರು. 1997ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾಯಿತು. ಇಷ್ಟು ಹತ್ತಿರದ ಕತೆ ಇದು.

ಕೊಳ್ಳೇಗಾಲ ತಾಲ್ಲೂಕು ಈ ಕಡೆ ಬಂತು, ಆ ತಾಲ್ಲೂಕಿಗೆ ಸೇರದ ತಾಳವಾಡಿ ಅಲ್ಲೇ, ಈಗಿನ ತಮಿಳುನಾಡಿನಲ್ಲೇ ಉಳಿಯಿತು. ನಕ್ಷೆ ತೆಗೆದು ನೋಡಿ. ತಾಳವಾಡಿ ಇರುವುದು ಘಟ್ಟದ ಮೇಲೆ, ನಮ್ಮ ನೆಲಕ್ಕೆ ಅಂಟಿಕೊಂಡು. ಚಾಮರಾಜನಗರಕ್ಕೆ 20-25 ಕಿಲೋಮೀಟರ್. ಅವರ ಜಿಲ್ಲಾ ಕೇಂದ್ರ ಈರೋಡಿಗೆ ಹೋಗಬೇಕಾದರೆ ದಿಂಬಂ ಘಟ್ಟದ 27 ತಿರುವು ಇಳಿದು ನೂರು ಕಿಲೋಮೀಟರಿಗೂ ಜಾಸ್ತಿ ಹೋಗಬೇಕು. 2022ರಿಂದ ಆ ಘಟ್ಟದಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬೇರೆ. ಕಾಡುಪ್ರಾಣಿಗಳಿಗೆ ಅದು ಬೇಕು, ಸರಿ. ಆದರೆ ಕತ್ತಲಾದ ಮೇಲೆ ತಮ್ಮದೇ ಜಿಲ್ಲಾ ಕೇಂದ್ರಕ್ಕೆ ಹೋಗುವುದು ಕಷ್ಟ ಅಂದರೆ ಅಲ್ಲಿನವರು ಯಾವ ಕಡೆ ಮುಖ ಮಾಡಬೇಕು ಹೇಳಿ.

ನಮ್ಮ ದೊಡ್ಡಮ್ಮನನ್ನು ಕೊಟ್ಟಿರುವುದು ಆ ಕಡೆಗೇ. ಕೊಟ್ಟು ತರುವಾಗ ರಾಜ್ಯ ಯಾವುದು ಅಂತ ಯಾರೂ ಕೇಳಲಿಲ್ಲ, ಹೊಲ ಎಷ್ಟು, ನೀರು ಇದೆಯಾ ಅಂತ ಕೇಳಿದರು. ಅವಳ ರೇಷನ್ ಕಾರ್ಡು ತಮಿಳಿನಲ್ಲಿದೆ, ಅದನ್ನು ಮೊಮ್ಮಗಳು ಓದಿ ಹೇಳಬೇಕು. ಬೈಗುಳ ಮಾತ್ರ ಪಕ್ಕಾ ಚಾಮರಾಜನಗರದ್ದು.

ಇನ್ನೊಂದು ವಿಷಯ. ಅಣ್ಣಾವ್ರು 1929ರಲ್ಲಿ ಹುಟ್ಟಿದ ಗಾಜನೂರು ಇರುವುದು ಇದೇ ತಾಳವಾಡಿಯಲ್ಲಿ. 2000ದ ಜುಲೈ 30ರ ರಾತ್ರಿ ಅವರನ್ನು ಅಲ್ಲಿಂದ ಎತ್ತಿಕೊಂಡು ಹೋದ ವೀರಪ್ಪನ್ 1952ರಲ್ಲಿ ಹುಟ್ಟಿದ್ದು ಗೋಪಿನಾಥಂನಲ್ಲಿ. ಆ ಊರು ಈಗ ಕರ್ನಾಟಕದಲ್ಲಿದೆ, ಅಲ್ಲಿ ಮನೆಮಾತು ತಮಿಳು. ಇಬ್ಬರೂ ಹುಟ್ಟಿದಾಗ ಎರಡೂ ಊರು ಒಂದೇ ಕೊಯಮತ್ತೂರು ಜಿಲ್ಲೆಯಲ್ಲಿದ್ದವು! ಆ 108 ದಿನ ನಾವೆಲ್ಲ ಕನ್ನಡ-ತಮಿಳು ಅಂತ ಎಷ್ಟು ಮಾತಾಡಿದೆವು. ಈ ಒಂದು ಸಂಗತಿಯನ್ನು ಯಾರಾದರೂ ಹೇಳಿದ್ದು ನಾನಂತೂ ಕೇಳಿಲ್ಲ.

ಜನ ಮಾತ್ರ ಗೆರೆ ನೋಡಿ ಬದುಕಲಿಲ್ಲ. ಮಾದಪ್ಪನ ಜಾತ್ರೆಗೆ ಪಾಲಾರ್ ಕಡೆಯಿಂದ ಬರುವ ತಮಿಳು ಒಕ್ಕಲನ್ನು ನೋಡಿ, ಉಘೇ ಅನ್ನುವಾಗ ಯಾರು ಯಾವ ರಾಜ್ಯದವರು ಅಂತ ಪತ್ತೆ ಹಚ್ಚಿ ನೋಡೋಣ. ಸೋಲಿಗರ ಪೋಡುಗಳು ಬಿಳಿಗಿರಿರಂಗನ ಬೆಟ್ಟದಲ್ಲೂ ಇವೆ, ಸತ್ಯಮಂಗಲದ ಕಾಡಿನಲ್ಲೂ ಇವೆ. ದೀಪಾವಳಿ ಮುಗಿದ ಮೇಲೆ ತಾಳವಾಡಿ ಹತ್ತಿರದ ಗುಮಟಾಪುರದಲ್ಲಿ ಬೀರೇಶ್ವರನ ಗೊರೆ ಹಬ್ಬ. ಸಗಣಿ ಗುಡ್ಡೆ ಹಾಕಿಕೊಂಡು ಒಬ್ಬರಿಗೊಬ್ಬರು ಎರಚಾಡುತ್ತಾರೆ, ಈ ಕಡೆಯವರೂ ಹೋಗುತ್ತಾರೆ. ಟಿವಿಯವರು 'ತಮಿಳುನಾಡಿನ ವಿಚಿತ್ರ ಹಬ್ಬ' ಅಂತ ತೋರಿಸಿದಾಗ ನನಗೆ ನಗು ಬರುತ್ತದೆ.

ತಾಳವಾಡಿಯನ್ನು ನಮಗೆ ಕೊಡಿ ಅಂತ ನಾನು ಕೇಳುತ್ತಿಲ್ಲ. ಆ ಘೋಷಣೆ ಕೂಗುವವರು ಸಂಜೆ ಬೆಂಗಳೂರಿಗೆ ವಾಪಸ್ ಹೋಗುತ್ತಾರೆ, ಮಾರನೇ ದಿನ ಚೆಕ್‌ಪೋಸ್ಟ್ ದಾಟಬೇಕಾದವರು ಅಲ್ಲಿನವರೇ. ಕಾವೇರಿ ಗಲಾಟೆ ಎದ್ದಾಗಲೂ ಅಷ್ಟೇ. ಬಸ್ಸು ನಿಂತರೆ ಮೊದಲು ಸಿಕ್ಕಿಹಾಕಿಕೊಳ್ಳುವುದು ಇಂಥ ಊರಿನವರು. ನನ್ನ ತಕರಾರು ಇರುವುದು ಮೈಸೂರಿನ ನಮ್ಮಂಥವರ ಮೇಲೆ. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿ ಅಷ್ಟು ಚೆಂದದ ಜಾನಪದ ವಸ್ತುಸಂಗ್ರಹಾಲಯ ಇದೆ. ಆದರೆ 1956ರಲ್ಲಿ ರಾಜ್ಯ ಬದಲಾಗಿದ್ದನ್ನು ಕಣ್ಣಾರೆ ಕಂಡ ಅಜ್ಜ-ಅಜ್ಜಿಯರಿಗೆ ಈಗ ಎಂಬತ್ತು ದಾಟಿದೆ. ಶಾಲೆಯಲ್ಲಿ ಮೇಷ್ಟ್ರು ಬದಲಾದರಾ, ಕಂದಾಯ ಕಟ್ಟಲು ಎಲ್ಲಿಗೆ ಹೋಗುತ್ತಿದ್ದರು, ಅಳಿಯನ ಮನೆ ಆ ಕಡೆ ಆದಾಗ ಏನನ್ನಿಸಿತು, ಇದನ್ನೆಲ್ಲ ಕೇಳಿ ಬರೆದುಕೊಳ್ಳುವವರು ಬೇಕು. ಅದಕ್ಕೆ ದೊಡ್ಡ ಯೋಜನೆ ಏನೂ ಬೇಡ, ಫೋನಿನ ರೆಕಾರ್ಡರ್ ಸಾಕು.

ಕೊಳ್ಳೇಗಾಲ, ಹನೂರು ಕಡೆಯ ಸ್ನೇಹಿತರೇ, ನಿಮ್ಮ ಮನೆಯ ಪೆಟ್ಟಿಗೆಯಲ್ಲಿ 'ಕೊಯಮತ್ತೂರು ಜಿಲ್ಲೆ' ಅಂತ ಬರೆದಿರುವ ಹಳೆಯ ಕ್ರಯಪತ್ರ ಇದ್ದರೆ ಫೋಟೊ ಹಾಕಿ. ಸರ್ವೆ ನಂಬರ್ ಮುಚ್ಚಿ ಹಾಕಿ, ದಾಯಾದಿಗಳೂ ಫೇಸ್‌ಬುಕ್‌ನಲ್ಲಿ ಇರುತ್ತಾರೆ.