ಫೀಸೂ ಕೊಟ್ಟು ಹೆಬ್ಬೆರಳೂ ಕೊಡಬೇಕಾ?

ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ದಾವಣಗೆರೆ ವಿದ್ಯಾನಗರದ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗ ಇಷ್ಟು ದಿನ ಸುಮ್ನೆ ಹಾಡು ಕೇಳಿ ಕೇಳಿ ಗಿಟಾರ್ ಕಲಿತವನು. ಈಗ ಕ್ಲಾಸಿಗೆ ಸೇರಿಸಿದ್ದಾರೆ. ಅಲ್ಲಿನ ಸರ್ ಮೊದಲ ವಾರವೇ ಹೇಳಿದರಂತೆ: "ಹೆಬ್ಬೆರಳು ಮೇಲೆ ತರಬೇಡ, ತಪ್ಪು."

ಗಿಟಾರ್ ಹಿಡಿಯದವರಿಗೆ ಹೇಳ್ತೀನಿ. ಕಾರ್ಡ್ ಅಂದರೆ ಹಲವು ತಂತಿ ಒತ್ತಿ ಒಟ್ಟಿಗೆ ನುಡಿಸೋ ಸ್ವರಗುಚ್ಛ. ಅದರಲ್ಲಿ ಎಫ್ ಕಾರ್ಡ್ ಹೊಸಬರ ಪಾಲಿನ ಯಮ. ತೋರುಬೆರಳೊಂದೇ ಆರೂ ತಂತಿ ಒತ್ತಬೇಕು. ಅಕ್ಕನ ಮಗ ಹೆಬ್ಬೆರಳನ್ನು ಗಿಟಾರಿನ ಕುತ್ತಿಗೆಯ, ಅಂದರೆ ತಂತಿ ಹಾಯುವ ಉದ್ದ ಹಿಡಿಯ, ಹಿಂದಿನಿಂದ ಮೇಲೆ ತಂದು ದಪ್ಪ ತಂತಿ ಒತ್ತುತ್ತಾನೆ. ಆಗ ಕಿರುಬೆರಳು ಖಾಲಿ. ಆ ಖಾಲಿ ಬೆರಳಲ್ಲಿ ಕಾರ್ಡ್ ಬಿಡದೆಯೇ ಮೂರನೇ ಫ್ರೆಟ್ಟಿನಲ್ಲಿ (ಕುತ್ತಿಗೆ ಮೇಲಿನ ಲೋಹದ ಪಟ್ಟಿಗಳ ನಡುವಿನ ಮನೆ) ಒಂದು ಸ್ವರ ಮುಟ್ಟಿ ಬರುತ್ತಾನೆ. ಪಕ್ಕದ ಕೋಣೆಯಲ್ಲಿದ್ದರೂ ಇವನೇ ಅಂತ ಗೊತ್ತಾಗುತ್ತೆ. ರಾಕ್ ಗಿಟಾರಿನ ದಿಗ್ಗಜ ಜಿಮಿ ಹೆಂಡ್ರಿಕ್ಸ್ ಕೂಡ ಹೀಗೇ ಹೆಬ್ಬೆರಳು ಬಳಸುತ್ತಿದ್ದ. ಇವನಿಗೆ ಅದು ಗೊತ್ತೂ ಇಲ್ಲ, ಬೆರಳು ನೋಯುತ್ತೆ ಅಂತ ತಾನೇ ಕಂಡುಕೊಂಡ ದಾರಿ.

ದ್ರೋಣಾಚಾರ್ಯರು ಕಲಿಸದೇ ಹೆಬ್ಬೆರಳು ಕೇಳಿದರು. ಇವರು ತಿಂಗಳು ತಿಂಗಳು ಫೀಸು ತಗೊಂಡು ಕೇಳ್ತಾರೆ!

ಜಾಝ್ ಗಿಟಾರಿಸ್ಟ್ ವೆಸ್ ಮಾಂಟ್ಗೊಮರಿ ಪಿಕ್ (ತಂತಿ ಮೀಟೋ ಪುಟ್ಟ ಬಿಲ್ಲೆ) ಬಿಟ್ಟು ಬಲಗೈ ಹೆಬ್ಬೆರಳಲ್ಲೇ ಮೀಟಿದ. ಕಲಿತದ್ದು ಇನ್ನೊಬ್ಬ ಗಿಟಾರಿಸ್ಟ್ ಚಾರ್ಲಿ ಕ್ರಿಶ್ಚಿಯನ್ ರೆಕಾರ್ಡ್ ಕೇಳಿ. ಜಾಝ್ ಗಿಟಾರಿಸ್ಟ್ ಜಾಂಗೊ ರೈನ್‌ಹಾರ್ಟ್‌ಗೆ 1928ರಲ್ಲಿ ಬೆಂಕಿ ಬಿದ್ದು ಎಡಗೈಯ ಎರಡು ಬೆರಳು ಸ್ವಾಧೀನ ತಪ್ಪಿದವು. ಉಳಿದೆರಡು ಬೆರಳಲ್ಲೇ ಸೋಲೊ ಹರಿಸಿದ. ಇವರೆಲ್ಲ ನಮ್ಮೂರ ಕ್ಲಾಸಿಗೆ ಬಂದಿದ್ದರೆ ಮೊದಲ ವಾರವೇ ಫೇಲು.

ಕಲಿಸುವವರಿಲ್ಲದಿದ್ದರೆ ಮಣಿಕಟ್ಟು ಕೆಡುತ್ತೆ, ತಾಳ ತಪ್ಪುತ್ತೆ ಅಂತ ಕಾಮೆಂಟ್ ಹಾಕೋಕೆ ಕೆಲವರು ರೆಡಿಯಾಗಿದ್ದೀರಿ, ಗೊತ್ತು. ತಾಳ ತಿದ್ದಲಿ, ಮಣಿಕಟ್ಟು ನೋಡಲಿ, ಯಾರು ಬೇಡ ಅಂದರು? ಕ್ಲಾಸಿಕಲ್ ಗಿಟಾರಿನ ಕುತ್ತಿಗೆ ಅಗಲ, ಅಲ್ಲಿ ಹೆಬ್ಬೆರಳು ಹಿಂದೆ ಇರಬೇಕು ಅನ್ನೋದೂ ಸರಿ. ಆದರೆ ಹುಡುಗ ನುಡಿಸುತ್ತಿರೋದು ಅದಲ್ವಲ್ಲ ಸ್ವಾಮಿ! ಅವನ ಹೆಬ್ಬೆರಳಿನ ತಂಟೆಗೆ ಯಾಕೆ ಬರ್ತೀರಿ?

ಮ್ಯಾಂಡೊಲಿನ್ನಲ್ಲಿ ಕರ್ನಾಟಕ ಸಂಗೀತ ನುಡಿಸಿದ ಮ್ಯಾಂಡೊಲಿನ್ ಶ್ರೀನಿವಾಸ್ ಅವರ ಗುರು ರುದ್ರರಾಜು ಸುಬ್ಬರಾಜು ಅವರಿಗೆ ಮ್ಯಾಂಡೊಲಿನ್ ನುಡಿಸಲು ಬರುತ್ತಿರಲಿಲ್ಲ. ಅವರು ಹಾಡುತ್ತಿದ್ದರು, ಹುಡುಗ ಅದನ್ನು ತಂತಿಯ ಮೇಲೆ ತಂದುಕೊಳ್ಳುತ್ತಿದ್ದ. ಬೆರಳು ಎಲ್ಲಿಡಬೇಕು ಅನ್ನೋದು ಹುಡುಗನಿಗೇ ಬಿಟ್ಟದ್ದು. ಕಲಿಸೋದು ಅಂದರೆ ಹೀಗೆ.

ಇಷ್ಟೊಂದು ಉರಿ ಯಾಕೆ ಅಂದರೆ, ನಾನು ಕ್ಲಾಸಲ್ಲೇ ಕಲಿತವನು. ಹೆಬ್ಬೆರಳು ಹಿಂದೆ, ಬೆನ್ನು ನೇರ, ಎಲ್ಲಾ ಕ್ಲೀನು. ಕರೆಂಟ್ ಹೋದಾಗ ನಾನು ನುಡಿಸುತ್ತಿದ್ದರೆ ಮೊಬೈಲಲ್ಲಿ ಹಾಡು ಬರ್ತಿದೆ ಅಂದುಕೊಳ್ತಾಳೆ ನನ್ನ ಹೆಂಡತಿ. ಅದು ಹೊಗಳಿಕೆ ಅಲ್ಲ ಅಂತ ನನಗೆ ಗೊತ್ತು. ಅಕ್ಕನ ಮಗನ ಮೇಲೆ ಹೊಟ್ಟೆಕಿಚ್ಚು ಕಣ್ರೀ, ಮುಚ್ಚುಮರೆ ಏನು?

ದಾವಣಗೆರೆಯಲ್ಲಿ ತಾಳ ತಿದ್ದಿ ಬೆರಳು ಬಿಟ್ಟುಬಿಡೋ ಗಿಟಾರ್ ಸರ್ ಯಾರಾದರೂ ಇದ್ದರೆ ಇನ್‌ಬಾಕ್ಸಲ್ಲಿ ತಿಳಿಸಿ. ಪಿ.ಜೆ. ಬಡಾವಣೆಯಾದರೂ ಸರಿ, ಬೈಕಲ್ಲಿ ನಾನೇ ಬಿಟ್ಟು ಬರ್ತೀನಿ. ಅಕ್ಕನಿಗೆ ಮಾತ್ರ ಹೇಳಬೇಡಿ, ಈಗಿನ ಕ್ಲಾಸಿಗೆ ಆರು ತಿಂಗಳ ಫೀಸು ಕಟ್ಟಿದ್ದಾಳೆ.