ಸ್ಪಷ್ಟನೆ: ಕೊಲಾಜನ್ ಡ್ರೆಸ್ಸಿಂಗ್ ಒಂದರಿಂದಲೇ ಶುಗರ್ ಹುಣ್ಣು ವಾಸಿಯಾಗುತ್ತದೆಯೇ?

‘ಶುಗರ್ ಇದ್ದವರ ಕಾಲಿನ ಹುಣ್ಣಿಗೆ ಕೊಲಾಜನ್ ಡ್ರೆಸ್ಸಿಂಗ್ ಹಾಕಿದರೆ ಸಾಕು, ಬೇರೇನೂ ಬೇಡ’ ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ದಯವಿಟ್ಟು ನಂಬಬೇಡಿ. ಕೊಲಾಜನ್ ಎಂದರೆ ಚರ್ಮ, ಮೂಳೆಗಳಲ್ಲಿರುವ ಒಂದು ಪ್ರೋಟೀನ್; ಅದರ ಹಾಳೆಯನ್ನು ಹುಣ್ಣಿನ ಮೇಲೆ ಇಡುವುದೇ ಈ ಡ್ರೆಸ್ಸಿಂಗ್.

ಹಳೆಯ ಹುಣ್ಣಿನಲ್ಲಿ ಹೊಸ ಮಾಂಸ ಕೂಡದಂತೆ ಕೆಡಿಸುವ ಕಿಣ್ವಗಳು ಜಾಸ್ತಿ ಇರುತ್ತವೆ. ದನ, ಹಂದಿ ಅಥವಾ ಮೀನಿನಿಂದ ತೆಗೆದ ಕೊಲಾಜನ್ ಹಾಳೆ ಆ ಕಿಣ್ವಗಳಿಗೆ ತಾನೇ ತುತ್ತಾಗಿ ಹೊಸ ಅಂಗಾಂಶವನ್ನು ಉಳಿಸಲಿ ಎಂಬುದು ಇದರ ಲೆಕ್ಕ. ಲೆಕ್ಕ ಸರಿಯೇ. ಆದರೆ ಪುರಾವೆ ಗಟ್ಟಿಯಿಲ್ಲ. ಮಧುಮೇಹ ಪಾದದ ಅಂತರರಾಷ್ಟ್ರೀಯ ತಜ್ಞರ ಗುಂಪು 2023ರ ಮಾರ್ಗಸೂಚಿಯಲ್ಲಿ, ಹುಣ್ಣು ಮಾಯಿಸಲೆಂದು ಇದನ್ನು ಬಳಸಬೇಡಿ ಎಂದೇ ಹೇಳಿದೆ.

ಅಂಗಾಲಿನ ಹುಣ್ಣಿನ ಮೇಲೆ ದಿನವಿಡೀ ಮೈಭಾರ ಬೀಳುತ್ತಿದ್ದರೆ ಎಂಥ ಹಾಳೆ ಇಟ್ಟು ಏನು ಪ್ರಯೋಜನ, ಅಲ್ವಾ? ಭಾರ ತಪ್ಪಿಸಬೇಕು, ಸತ್ತ ಮಾಂಸ ತೆಗೆಸಬೇಕು, ಕಾಲಿನ ರಕ್ತ ಸಂಚಾರ ನೋಡಿಸಬೇಕು, ಶುಗರ್ ಹತೋಟಿಯಲ್ಲಿರಬೇಕು. ಕೀವು, ಕೆಟ್ಟ ವಾಸನೆ, ಕಪ್ಪು ಬಣ್ಣ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ.