ಕೋಣಗರುಗಳೆಲ್ಲ ಎಲ್ಲಿ ಹೋದವು?

ಮಾಂಸ, ಮೊಟ್ಟೆಗಳ ಜೊತೆಗೆ ಹಾಲು, ಮೊಸರು, ತುಪ್ಪ, ಜೇನು, ಚರ್ಮ, ರೇಷ್ಮೆಗಳನ್ನೂ ನಾನು ಬಿಟ್ಟಿದ್ದೇನೆ. ಹೀಗೆ ಪ್ರಾಣಿಗಳಿಂದ ಬರುವ ಏನನ್ನೂ ಬಳಸದವರನ್ನು ವೀಗನ್ ಎನ್ನುತ್ತಾರೆ. ಕಲಬುರಗಿಯಲ್ಲಿ ಯಾರದಾದರೂ ಮನೆಗೆ ಹೋಗಿ ಚಹಾ ಬೇಡವೆಂದರೆ ಮೊದಲು ಕೇಳುವುದು ಶುಗರ್ ಇದೆಯೇ ಎಂದು. ಇಲ್ಲವೆಂದು ತಿಳಿದ ಮೇಲೆ, ಯಾವ ಮಠದಲ್ಲಿ ದೀಕ್ಷೆ ಆಯಿತು ಎಂದು. ಮೊದಲ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಸಾಕು. ಎರಡನೆಯದಕ್ಕೆ ಈ ಬರಹ. ನನ್ನ ಆಯ್ಕೆಗೂ ಮಡಿ-ಮೈಲಿಗೆಗೂ ಯಾವ ಸಂಬಂಧವಿಲ್ಲ. ಉಣ್ಣುವವನ ಶುದ್ಧಿಯ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಚರ್ಚೆಯಾಗಿದೆ. ಉಣ್ಣುವವನಿಗಾಗಿ ಪ್ರಾಣಿಯ ಮೇಲೆ ಏನೇನು ನಡೆಯುತ್ತದೆ ಎಂಬುದರ ಬಗ್ಗೆ ಅಷ್ಟು ಆಗಿಲ್ಲ.

ನಮ್ಮದು ತಲೆತಲಾಂತರದಿಂದ ಶಾಕಾಹಾರಿ ಮನೆ. ಅಂತಹ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರ ಮನಸ್ಸಿನಲ್ಲಿ ಒಂದು ನೆಮ್ಮದಿ ಇರುತ್ತದೆ: ನಮ್ಮ ತಾಟಿನಲ್ಲಿ ಯಾವ ಜೀವದ ಸಾವೂ ಇಲ್ಲ. ಆ ನೆಮ್ಮದಿಯನ್ನು ಕದಡುವ ಲೆಕ್ಕ ಸರ್ಕಾರದ ದಾಖಲೆಯಲ್ಲೇ ಇದೆ. 2019ರ ಇಪ್ಪತ್ತನೆಯ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಹೆಣ್ಣೆಮ್ಮೆಗಳು ಹತ್ತು ಕೋಟಿಗೂ ಹೆಚ್ಚು, ಕೋಣಗಳು ಒಂದು ಕೋಟಿಗೂ ಕಡಿಮೆ. ಆಕಳು, ಎತ್ತು, ಹೋರಿಗಳ ಲೆಕ್ಕದಲ್ಲಿ ಹೆಣ್ಣು ಸುಮಾರು 14.5 ಕೋಟಿಯಿದ್ದರೆ ಗಂಡು 4.7 ಕೋಟಿಯಷ್ಟೇ, 2012ರ ಗಣತಿಗೂ ಇದಕ್ಕೂ ನಡುವಿನ ಏಳು ವರ್ಷಗಳಲ್ಲಿ ಗಂಡುಗಳ ಸಂಖ್ಯೆ ಶೇಕಡಾ 30ರಷ್ಟು ಇಳಿದಿದೆ. ಹುಟ್ಟುವ ಕರುಗಳಲ್ಲಿ ಗಂಡು-ಹೆಣ್ಣು ಹೆಚ್ಚುಕಡಿಮೆ ಸಮಸಮ. ಹಾಗಿದ್ದ ಮೇಲೆ ಹತ್ತು ಎಮ್ಮೆಗೆ ಒಂದು ಕೋಣವೂ ಸರಿಯಾಗಿ ಉಳಿಯದಿರುವುದಕ್ಕೆ ಪ್ರಕೃತಿ ಕಾರಣವಲ್ಲ, ಹೈನುಗಾರಿಕೆ ಕಾರಣ.

ಎಮ್ಮೆಯಾಗಲಿ ಆಕಳಾಗಲಿ ಈಯದೆ ಹಾಲು ಕೊಡುವುದಿಲ್ಲ. ಇದು ಹಳ್ಳಿಯಲ್ಲಿ ಬೆಳೆದ ಯಾರಿಗೂ ಹೇಳಬೇಕಾದ ವಿಷಯವಲ್ಲ, ಆದರೆ ಪ್ಯಾಕೆಟ್ ಹಾಲಿನ ಕಾಲದಲ್ಲಿ ಬೆಳೆದ ಮಕ್ಕಳಿಗೆ ಹೇಳಬೇಕಾಗಿದೆ. ಆಕಳು ಒಂಬತ್ತು ತಿಂಗಳಿಗಿಂತ ಹೆಚ್ಚು, ಎಮ್ಮೆ ಹತ್ತು ತಿಂಗಳಿಗಿಂತ ಹೆಚ್ಚು ಕಾಲ ಗರ್ಭ ಹೊರುತ್ತದೆ. ಈದ ಕೆಲವೇ ತಿಂಗಳಲ್ಲಿ ಮತ್ತೆ ಗರ್ಭ ಕಟ್ಟಿಸದಿದ್ದರೆ ಲೆಕ್ಕ ಕೂಡುವುದಿಲ್ಲ. ಹೀಗೆ ಪ್ರತಿ ಸಲ ಹುಟ್ಟುವ ಕರು ಹೆಣ್ಣಾದರೆ ನಾಳೆಯ ಹಾಲು, ಗಂಡಾದರೆ ಇವತ್ತಿನ ಖರ್ಚು. ಮೊದಲಿಗೆ ಗಂಡುಕರುವಿಗೆ ನೊಗವಾದರೂ ಕಾದಿತ್ತು. ಬೀದರ್ ಸೀಮೆಯ ದೇವಣಿ ತಳಿಗೆ ಹೆಸರು ಬಂದಿದ್ದೇ ಹಾಲಿಗೂ ಆಗುತ್ತದೆ, ಹೊಲಕ್ಕೂ ಆಗುತ್ತದೆ ಎಂಬ ಕಾರಣಕ್ಕೆ. ತೊಗರಿ ಹೊಲಕ್ಕೆ ಟ್ರ್ಯಾಕ್ಟರ್ ಬಂದ ಮೇಲೆ ಹೋರಿಗರುವಿಗೆ ಆ ಕೆಲಸವೂ ಹೋಯಿತು. ಕೋಣಗರುವಿಗಂತೂ ಅಷ್ಟು ಬೆಲೆಯೂ ಎಂದೂ ಇರಲಿಲ್ಲ. ತಾಯಿ ಸೊರೆ ಬಿಡುವ ತನಕ ನಾಲ್ಕು ಗುಟುಕು ಕುಡಿಸಿ, ಆಮೇಲೆ ಗೂಟಕ್ಕೆ ಕಟ್ಟಿ, ತಾನಾಗಿಯೇ ಸೊರಗಿ ಸಾಯುವ ತನಕ ಬಿಡುವುದು ಊರೂರಲ್ಲಿ ನಡೆಯುವ ಸಂಗತಿ. ಕರು ಸತ್ತರೂ ಹಾಲು ನಿಲ್ಲಬಾರದೆಂದು ಅದರ ಚರ್ಮದೊಳಗೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸುವ ಗೌಳಿಗಳಿದ್ದಾರೆ. ಅದನ್ನು ನೋಡಿದವರು ಯಾರೂ ಹಾಲು ಹಿಂಸೆಯಿಲ್ಲದ ಆಹಾರ ಎಂದು ಸುಲಭವಾಗಿ ಹೇಳಲಾರರು.

ಕರ್ನಾಟಕದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯ ಪ್ರಕಾರ ಆಕಳು, ಎತ್ತು, ಹೋರಿ, ಕರುಗಳನ್ನಷ್ಟೇ ಅಲ್ಲ, 13 ವರ್ಷ ತುಂಬದ ಎಮ್ಮೆ-ಕೋಣಗಳನ್ನೂ ಕಡಿಯುವಂತಿಲ್ಲ. ಕಾಯ್ದೆಯ ಪರ ಇರುವ ನನ್ನ ಬಂಧುಗಳು ಇಲ್ಲಿಗೆ ದಯೆಯ ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಹಾಲು ಬತ್ತಿದ ಆಕಳನ್ನು ಸಾಕಲು ದುಡ್ಡಿಲ್ಲದ, ಮಾರಲು ದಾರಿಯಿಲ್ಲದ ರೈತ ಏನು ಮಾಡಬೇಕು ಎಂಬುದಕ್ಕೆ ಕಾಯ್ದೆಯಲ್ಲಿ ಸರಿಯಾದ ಉತ್ತರವಿಲ್ಲ. ಉತ್ತರ ನಮ್ಮ ಮಾರುಕಟ್ಟೆಯ ಬೀದಿಗಳಲ್ಲಿ ಪ್ಲಾಸ್ಟಿಕ್ ಮೇಯುತ್ತ ನಿಂತಿದೆ. ಅದೇ 2019ರ ಗಣತಿಯಲ್ಲಿ ದೇಶದ ಬೀಡಾಡಿ ದನಗಳ ಸಂಖ್ಯೆ ಐವತ್ತು ಲಕ್ಷ ದಾಟಿತ್ತು. ಇಪ್ಪತ್ತು ವರ್ಷ ಬದುಕಬಲ್ಲ ಪ್ರಾಣಿಯಿಂದ ಐದಾರು ಸೂಲು ಹಾಲು ಕರೆದುಕೊಂಡು, ಉಳಿದ ಆಯುಷ್ಯದ ಹೊಣೆಯನ್ನು ಹಾಲು ಕುಡಿದವರಾರೂ ಹೊರದೆ, ಕೊನೆಗೆ ಕಸಾಯಿಖಾನೆಯವನ ಕಡೆ ಬೆರಳು ತೋರಿಸುವುದು ಯಾವ ನ್ಯಾಯ? ಶಾಕಾಹಾರಿಗಳ ಹಾಲಿನ ಪಾತ್ರೆ ಮತ್ತು ಮಾಂಸಾಹಾರಿಗಳ ಅಡುಗೆಯ ಪಾತ್ರೆ ತುಂಬುವುದು ಒಂದೇ ಕೊಟ್ಟಿಗೆಯಿಂದ. ಒಬ್ಬರು ಪ್ರಾಣಿಯ ಬದುಕನ್ನು ತೆಗೆದುಕೊಂಡರೆ ಇನ್ನೊಬ್ಬರು ಸಾವನ್ನು ತೆಗೆದುಕೊಳ್ಳುತ್ತಾರೆ. ಮೊದಲನೆಯವರು ಎರಡನೆಯವರಿಗಿಂತ ಮೇಲಿನವರು ಎಂಬುದನ್ನು ನಾನು ಒಪ್ಪುವುದಿಲ್ಲ.

ಗಿಣ್ಣದ ವಿಷಯ ಹೇಳಿದಾಗ ಮನೆಯವರು ಹೆಚ್ಚು ಬೇಜಾರು ಮಾಡಿಕೊಂಡರು. ಎಮ್ಮೆ ಈದ ಮನೆಯಿಂದ ಓಣಿಗೆಲ್ಲ ಗಿಣ್ಣದ ಹಾಲು ಹಂಚುವುದು ನಮ್ಮಲ್ಲಿ ಪ್ರೀತಿಯ ಗುರುತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮನುಷ್ಯರ ಕೂಸಿಗೆ ತಾಯಿಯ ಹೊಟ್ಟೆಯಲ್ಲಿರುವಾಗಲೇ ರೋಗ ತಡೆಯುವ ಶಕ್ತಿ ಸ್ವಲ್ಪ ಬಂದಿರುತ್ತದೆ, ಕರುವಿಗೆ ಹಾಗಲ್ಲ. ಅದು ಹುಟ್ಟುವಾಗ ಬರಿಗೈಯಲ್ಲಿ ಹುಟ್ಟುತ್ತದೆ, ಮೊದಲ ಕೆಲವು ತಾಸುಗಳಲ್ಲಿ ಕುಡಿಯುವ ಆ ಗಟ್ಟಿ ಹಳದಿ ಹಾಲಿನಿಂದಲೇ ಆ ಶಕ್ತಿ ಅದಕ್ಕೆ ಬರಬೇಕು. ಹೊಟ್ಟೆತುಂಬ ಕುಡಿಸಿ ಉಳಿದದ್ದನ್ನು ಹಂಚುವ ಮನೆಗಳೂ ಇವೆ. ಹುಟ್ಟಿದ್ದು ಕೋಣಗರುವಾದರೆ ಅದರ ಪಾಲಿಗೆ ಎಷ್ಟು ಬರುತ್ತದೆ ಎಂಬುದನ್ನು ಮಾತ್ರ ಯಾರೂ ಅಳೆದು ನೋಡುವುದಿಲ್ಲ.

ಕೋಳಿಯ ಮಾತು ಬೇಗ ಮುಗಿಯುತ್ತದೆ, ಏಕೆಂದರೆ ಅಲ್ಲಿ ವಾದಕ್ಕೆ ಹೆಚ್ಚು ಜಾಗವಿಲ್ಲ. ಕೋಳಿಯ ಮೂಲವಾದ ಕಾಡುಕೋಳಿ ವರ್ಷಕ್ಕೆ ಹತ್ತು-ಹದಿನೈದು ಮೊಟ್ಟೆ ಇಟ್ಟರೆ, ಫಾರಂ ಕೋಳಿ ಮುನ್ನೂರರ ಹತ್ತಿರ ಇಡುತ್ತದೆ. ತಂತಿಯ ಪಂಜರದಲ್ಲಿ ಒಂದೊಂದಕ್ಕೆ ಸಿಗುವ ಜಾಗ ನಾವು ಅರ್ಜಿ ಬರೆಯುವ ಎ-ಫೋರ್ ಹಾಳೆಗಿಂತ ಚಿಕ್ಕದು. ಅಲ್ಲಿ ರೆಕ್ಕೆ ಬಿಚ್ಚಲು ಆಗುವುದಿಲ್ಲ. ಮೊಟ್ಟೆಯ ತಳಿಯಲ್ಲಿ ಹುಟ್ಟಿದ ಹುಂಜದ ಮರಿಗಳನ್ನು ಮೊದಲ ದಿನವೇ ಕೊಂದುಹಾಕುತ್ತಾರೆ, ಮೊಟ್ಟೆಯಿಡದ ಅವುಗಳಿಗೆ ಮಾಂಸದ ತಳಿಯಷ್ಟು ಮೈ ಬರುವುದಿಲ್ಲವೆಂದು. ಭಾರತೀಯ ಕಾನೂನು ಆಯೋಗವೇ 2017ರ ತನ್ನ 269ನೆಯ ವರದಿಯಲ್ಲಿ ಈ ಪಂಜರಗಳ ವಿರುದ್ಧ ಬರೆದಿದೆ. ಮೇ ತಿಂಗಳಲ್ಲಿ ನಮ್ಮ ಭಾಗದ ಬಿಸಿಲು 43 ಡಿಗ್ರಿ ಮುಟ್ಟುವಾಗ ತಗಡಿನ ಕೆಳಗಿನ ಆ ಪಂಜರಗಳ ಸ್ಥಿತಿ ಹೇಗಿರಬಹುದೆಂದು ಕಲಬುರಗಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅದೇ ಬಿಸಿಲಿನಲ್ಲಿ ಎಚ್‌ಎಫ್ (ಹಾಲ್‌ಸ್ಟೀನ್ ಫ್ರೀಸಿಯನ್) ಆಕಳೂ ನಾಲಿಗೆ ಚಾಚಿ ಏದುಸಿರು ಬಿಡುತ್ತದೆ. ತಂಪು ನಾಡಿನ ತಳಿ ಅದು, ಹೆಚ್ಚು ಹಾಲಿಗಾಗಿ ಈ ಕರಿಮಣ್ಣಿನ ನಾಡಿಗೆ ಬಂದದ್ದು.

ರೇಷ್ಮೆಯ ಗೂಡನ್ನು ಒಳಗಿನ ಹುಳು ಹೊರಬರುವ ಮೊದಲೇ ಬಿಸಿಗೊಡ್ಡಿ ಕೊಲ್ಲುತ್ತಾರೆ. ಇದು ಗೊತ್ತಿದ್ದೂ ಮದುವೆಯಲ್ಲಿ ಉಡುತ್ತಾರೆ, ಅಷ್ಟೇ.

ಇನ್ನೊಬ್ಬರ ಕೈಯಲ್ಲಿರುವ ಕ್ರೌರ್ಯ ನಮಗೆ ಬೇಗ ಕಾಣುತ್ತದೆ. ಯಾದಗಿರಿ ಜಿಲ್ಲೆಯ ಮೈಲಾಪುರದಲ್ಲಿ ಸಂಕ್ರಾಂತಿಯ ಜಾತ್ರೆಗೆ ಮಲ್ಲಯ್ಯನ ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವ ಹರಕೆ ಇತ್ತು. ಜಿಲ್ಲಾಡಳಿತ ಅದನ್ನು ನಿಷೇಧಿಸಿ, ದಾರಿಯಲ್ಲಿ ತಪಾಸಣೆ ನಡೆಸಿ ಮರಿಗಳನ್ನು ವಶಪಡಿಸಿಕೊಳ್ಳುತ್ತ ಬಂದಿದೆ. ನಾನು ಆ ನಿಷೇಧವನ್ನು ಒಪ್ಪುತ್ತೇನೆ. ಆದರೆ ಕುರಿಗಾರರ ಆ ಹರಕೆಯನ್ನು ಅನಾಗರಿಕವೆಂದು ಬೈಯುವ ನಗರದ ಸುಶಿಕ್ಷಿತರು ಆ ಸಂಜೆ ತುಪ್ಪ ಸುರಿದ ಹೋಳಿಗೆ ಉಣ್ಣುವಾಗ ಅದರ ಹಿಂದಿನ ಗೂಟವನ್ನೂ ಹಗ್ಗವನ್ನೂ ನೆನೆಯುವುದಿಲ್ಲ. ವರ್ಷಕ್ಕೊಂದು ದಿನ ಎಲ್ಲರೆದುರು ಎಸೆದ ಮರಿ ಸುದ್ದಿಯಾಗುತ್ತದೆ. ವರ್ಷವಿಡೀ ಕೊಟ್ಟಿಗೆಯ ಮೂಲೆಯಲ್ಲಿ ಒಣಗುವ ಕರು ಸುದ್ದಿಯಾಗುವುದಿಲ್ಲ.

ಗಿಡಕ್ಕೂ ಜೀವವಿದೆಯಲ್ಲ, ಜೋಳವನ್ನು ಹೇಗೆ ತಿನ್ನುತ್ತೀರಿ ಎಂದು ಕೇಳುವವರಿದ್ದಾರೆ. ಗಿಡಕ್ಕೆ ಜೀವವಿದೆ, ನೋವನ್ನು ನೋವೆಂದು ಅನುಭವಿಸುವ ಮಿದುಳು, ನರಮಂಡಲ ಇಲ್ಲ. ಕರುವಿಗೆ ಅದಿದೆ ಎಂಬುದಕ್ಕೆ ಬೇರ್ಪಡಿಸಿದ ರಾತ್ರಿ ತಾಯಿ-ಮಗು ಎರಡೂ ಕೂಗುವುದನ್ನು ಕೇಳಿದರೆ ಸಾಕು. ಪ್ರಾಣಿಗೆ ಮೇವು ಬೆಳೆಯಲು ಇನ್ನೂ ಹೆಚ್ಚು ಗಿಡ ಕಡಿಯಬೇಕು ಎಂಬ ವಾದವನ್ನೂ ವೀಗನ್ನರು ಮುಂದಿಡುತ್ತಾರೆ. ಮೆಕ್ಕೆಜೋಳ, ಸೋಯಾ ತಿಂದು ಬೆಳೆಯುವ ಬ್ರಾಯ್ಲರ್ ಕೋಳಿಗೆ ಅದು ಸರಿ. ಜೋಳದ ಕಣಿಕಿ, ತೊಗರಿ ಹೊಟ್ಟು ತಿನ್ನುವ ನಮ್ಮೂರ ಎಮ್ಮೆಗೆ ಅದು ಅಷ್ಟಾಗಿ ಒಗ್ಗುವುದಿಲ್ಲ. ಅದನ್ನು ಒತ್ತಿ ಹೇಳಿ ಗೆಲ್ಲುವ ಅವಸರ ನನಗಿಲ್ಲ, ಕರುವಿನ ಲೆಕ್ಕವೊಂದೇ ನನಗೆ ಸಾಕಾಗಿದೆ.

ಇದೆಲ್ಲ ವಿಲಾಯತಿ ಶ್ರೀಮಂತರ ಶೋಕಿ ಎನ್ನುವವರಿಗೆ ಒಂದು ಮಾತು. ಡೊನಾಲ್ಡ್ ವಾಟ್ಸನ್ ಮತ್ತು ಅವರ ಕೆಲವು ಗೆಳೆಯರು ಇಂಗ್ಲೆಂಡಿನಲ್ಲಿ ವೀಗನ್ ಸೊಸೈಟಿ ಕಟ್ಟಿದ್ದು 1944ರ ನವೆಂಬರ್‌ನಲ್ಲಿ, ಯುದ್ಧದ ಪಡಿತರದ ಕಾಲದಲ್ಲಿ; ಬಾದಾಮಿ ಹಾಲಿನ ಅಂಗಡಿಗಳು ಬಂದದ್ದು ಬಹಳ ಆಮೇಲೆ. ನಮ್ಮ ಅಡುಗೆಮನೆಗೆ ಆ ಹಾಲು ಬೇಕಾಗಿಯೂ ಇಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ತೊಗರಿಬೇಳೆಯ ಸಾರು: ಇವುಗಳಲ್ಲಿ ಯಾವುದಕ್ಕೂ ಹಾಲು ಬೇಡ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣುವ ಭಜ್ಜಿಪಲ್ಯ, ಸಜ್ಜೆ ಕಡುಬು, ಶೇಂಗಾ ಹೋಳಿಗೆಯ ಬುತ್ತಿಯಿಂದ ಮಜ್ಜಿಗೆ ಮತ್ತು ತುಪ್ಪ ತೆಗೆದರೆ ಉಳಿದದ್ದೆಲ್ಲ ನನ್ನ ಊಟವೇ. ತೊಗರಿಯಲ್ಲಿ ನೂರು ಗ್ರಾಂಗೆ ಇಪ್ಪತ್ತಕ್ಕೂ ಹೆಚ್ಚು ಗ್ರಾಂ ಪ್ರೋಟೀನ್ ಇದೆ, ಶೇಂಗಾದಲ್ಲಿ ಅದಕ್ಕಿಂತ ಹೆಚ್ಚು. ಕ್ಯಾಲ್ಸಿಯಂ ರಾಗಿಯಲ್ಲೂ ಎಳ್ಳಿನಲ್ಲೂ ಇದೆ. ಬಿ-12 ಜೀವಸತ್ವ ಮಾತ್ರ ಗಿಡಗಳಿಂದ ಬರುವ ಆಹಾರದಲ್ಲಿ ಸಿಗುವುದಿಲ್ಲ, ಅದನ್ನು ಮಾತ್ರೆಯಾಗಿಯೋ ಬಿ-12 ಬೆರೆಸಿದ ಆಹಾರದಿಂದಲೋ ಪಡೆಯಬೇಕು, ನಾನು ಮಾತ್ರೆ ತೆಗೆದುಕೊಳ್ಳುತ್ತೇನೆ. ಆ ಮಾತ್ರೆಯ ಬಿ-12 ಬ್ಯಾಕ್ಟೀರಿಯಾಗಳಿಂದ ತಯಾರಾದದ್ದು. ಹಾಲು ಕುಡಿಯುವ ಶಾಕಾಹಾರಿಗಳಲ್ಲೂ ಈ ಕೊರತೆ ಸಾಮಾನ್ಯವೆಂದು ವೈದ್ಯರು ಹೇಳುತ್ತಲೇ ಇದ್ದಾರೆ.

ಹೊಲವಿಲ್ಲದ ಹೆಣ್ಣುಮಗಳೊಬ್ಬಳು ಎರಡು ಎಮ್ಮೆ ಕಟ್ಟಿ, ಡೈರಿಗೆ ಹಾಲು ಹಾಕಿ, ಮಕ್ಕಳ ಶಾಲೆಯ ಖರ್ಚು ನೀಗಿಸುತ್ತಾಳೆ. ಅವಳ ಎದುರು ನಿಂತು ಇದು ಹಿಂಸೆ ಎಂದು ಹೇಳುವ ಧೈರ್ಯವೂ ನನಗಿಲ್ಲ, ಹಕ್ಕೂ ನನಗಿಲ್ಲ. ಬೇರೆ ದಾರಿ ಇರುವವರಿಂದ ಈ ಪ್ರಶ್ನೆ ಶುರುವಾಗಬೇಕು: ಕೈಯಲ್ಲಿ ಸಂಬಳವಿರುವ, ದಿನಕ್ಕೆ ನಾಲ್ಕು ಸಲ ಚಹಾ ಕುಡಿಯುವ, ಹಬ್ಬಕ್ಕೆ ಸೇರುಗಟ್ಟಲೆ ತುಪ್ಪ ತರಿಸುವ ನಮ್ಮಂತಹ ಮನೆಗಳವರಿಂದ. ಅವಳ ಎಮ್ಮೆಗಿಂತ ದೊಡ್ಡ ಡೈರಿಗಳನ್ನು ನಡೆಸುತ್ತಿರುವುದು ನಮ್ಮ ಈ ಬೇಡಿಕೆ.

ಇದೇ ಕಾರಣಕ್ಕೆ ಮೊಟ್ಟೆಯ ಜಗಳದಲ್ಲಿ ನಾನು ನನ್ನ ಸಮುದಾಯದವರ ಜೊತೆ ನಿಲ್ಲಲಿಲ್ಲ. 2021ರ ಡಿಸೆಂಬರ್‌ನಲ್ಲಿ ಅಪೌಷ್ಟಿಕತೆ ಹೆಚ್ಚಿರುವ ಬೀದರ್, ಕಲಬುರಗಿ, ಯಾದಗಿರಿ ಮುಂತಾದ ಜಿಲ್ಲೆಗಳ ಶಾಲಾಮಕ್ಕಳಿಗೆ ಮೊಟ್ಟೆ ಕೊಡಲು ಶುರುಮಾಡಿದಾಗ, ತಿನ್ನದವರಿಗೆ ಬಾಳೆಹಣ್ಣಿನ ವ್ಯವಸ್ಥೆ ಇದ್ದರೂ, ಕೆಲವು ಮಠಾಧೀಶರು ವಿರೋಧಿಸಿದರು. ಅಹಿಂಸೆಯನ್ನು ನಂಬುವ ನೀವೂ ದನಿಗೂಡಿಸಿ ಎಂದು ನನ್ನನ್ನು ಕೇಳಿದರು. ಪಂಜರದ ಕೋಳಿಯ ಬಗ್ಗೆ ಆ ವಿರೋಧದಲ್ಲಿ ಒಂದು ಮಾತೂ ನನಗೆ ಕೇಳಲಿಲ್ಲ; ಪಂಕ್ತಿ ಮೈಲಿಗೆಯಾಗುತ್ತದೆ ಎಂಬ ಮಾತಷ್ಟೇ ಮತ್ತೆ ಮತ್ತೆ ಕೇಳಿತು. ಅದೇ ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲನ್ನು ಹಂಚುವಾಗ ಇವರಲ್ಲಿ ಯಾರಿಗೂ ಕೋಣಗರು ನೆನಪಾಗಿರಲಿಲ್ಲ. ಮನೆಯಲ್ಲಿ ಒಪ್ಪೊತ್ತು ಉಂಡು ಬರುವ ಮಗುವಿನ ತಾಟಿನಿಂದ ಮೊಟ್ಟೆ ಕಿತ್ತುಕೊಂಡು ನಾನು ದಯಾವಂತನಾಗಲಾರೆ. ಆ ಮಗುವಿಗೆ ಮೊಟ್ಟೆಯಷ್ಟೇ ಪೌಷ್ಟಿಕವಾದ ಶೇಂಗಾ, ಬೇಳೆ, ಕಾಳುಗಳನ್ನು ಹೊಟ್ಟೆತುಂಬ ಕೊಡುವ ಯೋಜನೆಯನ್ನು ಸರ್ಕಾರ ತಂದ ದಿನ, ಅದರ ಪರವಾಗಿ ಕಲಬುರಗಿಯ ಜಗತ್ ವೃತ್ತದಲ್ಲಿ ನಿಲ್ಲಲು ನಾನು ಸಿದ್ಧ. ಅಲ್ಲಿಯ ತನಕ ನನ್ನ ಈ ನಿಯಮ ನನ್ನ ತಾಟಿಗೆ ಮಾತ್ರ.